ಪರವೂರ ತಟ್ಟೆಯ ಮುಂದೆ: ಹನೀಝ್‌ನಿಂದ ಮಂದಿಯವರೆಗೆ

 

ಕಲಬುರಗಿ ಕಡೆಯವನಾದ ನಾನು ಕರಾವಳಿಯ ಈ ಪಟ್ಟಣದ ಹನಫಿ ಮಸೀದಿಗೆ ಇಮಾಮನಾಗಿ ಬಂದ ಹೊಸತು. ಒಂದು ಶುಕ್ರವಾರ ಜುಮಾ ಮುಗಿದ ಮೇಲೆ ನೆರೆಯ ಮೊಹಲ್ಲಾದ ಹಾಜಿಯೊಬ್ಬರು ನನ್ನ ಕೈ ಹಿಡಿದು, "ಉಸ್ತಾದರೇ, ಇವತ್ತು ರಾತ್ರಿ ನಮ್ಮಲ್ಲಿ ಮಂದಿ ಉಂಟು. ಇಶಾ ಆದ ಕೂಡಲೇ ಬರಬೇಕು" ಎಂದರು. ನಮ್ಮ ಕಡೆ ಮಂದಿ ಎಂದರೆ ಜನ. ಮನೆ ತುಂಬ ಜನ ಸೇರುತ್ತಾರೆ ಎಂದೇ ನಾನು ತಿಳಿದೆ. ಮಸೀದಿಯಲ್ಲಿ ಕಲಿಯುತ್ತಿದ್ದ ನಮ್ಮ ಕಡೆಯ ಒಬ್ಬ ಹುಡುಗನನ್ನೂ ಕರೆದುಕೊಂಡು ಹೋದೆ.

ಹಾಜಿಯವರ ಮನೆಯ ಹಿತ್ತಲಲ್ಲಿ ನೆಲದೊಳಗೆ ಒಂದು ಕಬ್ಬಿಣದ ಡ್ರಮ್ ಹೂತಿತ್ತು. ಸುತ್ತ ಕೆಂಪು ಮಣ್ಣು ಮೆತ್ತಿದ್ದರು. ಒಳಗೆ ಕಟ್ಟಿಗೆ ಉರಿದು ಕೆಂಡವಾದ ಮೇಲೆ ಅಕ್ಕಿಯ ಪಾತ್ರೆಯನ್ನು ಇಳಿಸಿ, ಅದರ ಮೇಲೆ ಜಾಲರಿಯಲ್ಲಿ ಆಡಿನ ಮಾಂಸವನ್ನು ಇಟ್ಟು, ಮುಚ್ಚಳದ ಸುತ್ತ ಒದ್ದೆ ಗೋಣಿಯನ್ನೂ ಮಣ್ಣನ್ನೂ ಒತ್ತಿ ಹೊಗೆ ಹೊರಗೆ ಬಾರದಂತೆ ಮಾಡಿದ್ದರು. ಎರಡು ಗಂಟೆಯ ನಂತರ ಮುಚ್ಚಳ ತೆಗೆದಾಗ ಮಾಂಸ ಮೂಳೆಯಿಂದ ತಾನಾಗಿಯೇ ಬಿಡುತ್ತಿತ್ತು. ಅದರ ಕೊಬ್ಬು ಹನಿಹನಿಯಾಗಿ ಇಳಿದು ಅನ್ನಕ್ಕೆ ಸೇರಿತ್ತು. ನೆಲದ ಮೇಲೆ ಸುಪ್ರ ಹಾಸಿ, ಒಂದೊಂದು ದೊಡ್ಡ ಹರಿವಾಣದ ಸುತ್ತ ಐದಾರು ಜನರನ್ನು ಕೂರಿಸಿದರು.

ನಾನು ಮೊದಲ ತುತ್ತು ಬಾಯಿಗಿಟ್ಟೆ. ನಮ್ಮ ಮನೆಯ ಮಸಾಲೆ, ಕೆಂಪು ಖಾರ, ಹುಳಿ ಯಾವುದೂ ಇರಲಿಲ್ಲ. ಪಕ್ಕದಲ್ಲಿದ್ದ ಹುಡುಗನಿಗೆ ನಮ್ಮ ದಖ್ಖನಿಯಲ್ಲಿ, ಇದು ಕಾಯಿಲೆಯವರ ಊಟ ಎಂದು ಮೆಲ್ಲಗೆ ಹೇಳಿದೆ. ಅವನು ನಕ್ಕ. ಕರಾವಳಿಯವರಿಗೆ ನಮ್ಮ ಮಾತು ತಿಳಿಯಲಾರದು ಎಂಬುದು ನನ್ನ ಎಣಿಕೆ. ಆದರೆ ಇಪ್ಪತ್ತು ವರ್ಷ ಸೌದಿಯಲ್ಲಿ ಹೈದರಾಬಾದಿಗಳ ಜೊತೆ ಒಂದೇ ಕೋಣೆಯಲ್ಲಿದ್ದ ಹಾಜಿಯವರಿಗೆ ಎಲ್ಲವೂ ತಿಳಿದಿತ್ತು. ಅವರು ಏನೂ ಹೇಳಲಿಲ್ಲ. ಟೊಮೆಟೊ ಮತ್ತು ಹಸಿಮೆಣಸಿನ ಚಟ್ನಿಯ ಬಟ್ಟಲನ್ನು ನನ್ನ ಕಡೆಗೆ ಸರಿಸಿದರು, ಅಷ್ಟೆ.

ನಾಚಿಕೆಯ ಸಂಗತಿ ಇನ್ನೂ ಇದೆ. ಅದೇ ದಿನ ಮಧ್ಯಾಹ್ನ ಮಿಂಬರಿನ ಮೇಲೆ ನಿಂತು ನಾನು ಓದಿದ್ದ ಹದೀಸ್ ಅಬೂ ಹುರೈರಾ(ರ) ವರದಿ ಮಾಡಿದ್ದು. ಪ್ರವಾದಿ(ಸ)ರು ಎಂದೂ ಯಾವ ಆಹಾರಕ್ಕೂ ಕುಂದು ಹೇಳಲಿಲ್ಲ. ಇಷ್ಟವಾದರೆ ತಿನ್ನುತ್ತಿದ್ದರು, ಇಲ್ಲವಾದರೆ ಬಿಡುತ್ತಿದ್ದರು ಎಂಬುದು ಅದರ ಸಾರ. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ಮಧ್ಯಾಹ್ನ ಜನರಿಗೆ ಹೇಳಿದ್ದು ರಾತ್ರಿ ನನ್ನ ನಾಲಿಗೆಗೆ ಇಳಿದಿರಲಿಲ್ಲ.

ಆ ರಾತ್ರಿ ನಿದ್ದೆ ಬಾರದೆ ಕಿತಾಬುಗಳನ್ನು ತೆರೆದು ಕೂತೆ. ಅಲ್ಲಿಂದ ಆರಂಭವಾದ ಓದಿನ ಫಲ ಈ ಲೇಖನ. ಪರವೂರಿಗೆ ಬಂದವನು, ಅಲ್ಲಿಯವರು ಬೆಂಕಿಯಲ್ಲಿ ಬೇಯಿಸಿಟ್ಟ ಮಾಂಸದ ಮುಂದೆ ಮೊದಲ ಬಾರಿ ಕೂತಾಗ ಹೇಗಿರಬೇಕು? ನಮ್ಮ ಚರಿತ್ರೆಯಲ್ಲಿ ಈ ದೃಶ್ಯ ಮತ್ತೆ ಮತ್ತೆ ಬರುತ್ತದೆ.

ಇಬ್ರಾಹೀಮ್(ಅ)ರ ಕರು

ಪವಿತ್ರ ಕುರ್‌ಆನಿನ ಸೂರಃ ಹೂದ್‌ನಲ್ಲಿ ಪ್ರವಾದಿ ಇಬ್ರಾಹೀಮ್(ಅ)ರ ಮನೆಗೆ ಅತಿಥಿಗಳು ಬರುವ ಪ್ರಸಂಗವಿದೆ. ಬಂದವರು ಮನುಷ್ಯರ ರೂಪದಲ್ಲಿದ್ದ ದೇವಚರರು. ಅವರು ಸಲಾಮ್ ಹೇಳಿದರು, ಇವರೂ ಸಲಾಮ್ ಹೇಳಿದರು. ತಡ ಮಾಡದೆ ಸುಟ್ಟ ಕರುವನ್ನು ತಂದು ಅವರ ಮುಂದಿಟ್ಟರು. ಅಲ್ಲಿ ಆ ಕರುವಿಗೆ ಬಳಕೆಯಾದ ವಿಶೇಷಣ 'ಹನೀಝ್'. ನೆಲದಲ್ಲಿ ಗುಂಡಿ ತೋಡಿ, ಕಾದ ಕಲ್ಲುಗಳ ಶಾಖದಲ್ಲಿ ಬೇಯಿಸಿದ ಮಾಂಸ ಎಂದು ಅರಬೀ ಭಾಷಾ ಪಂಡಿತರು ಈ ಪದವನ್ನು ವಿವರಿಸಿದ್ದಾರೆ. ಇಂದಿಗೂ ಯಮನ್‌ನಲ್ಲೂ ಸೌದಿಯ ಅಸೀರ್ ಪ್ರದೇಶದಲ್ಲೂ ಗುಂಡಿಯ ಒಲೆಯಲ್ಲಿ ಬೇಯಿಸುವ ಒಂದು ಅಡುಗೆಗೆ ಇದೇ ಹೆಸರು. ಕುರ್‌ಆನಿನಲ್ಲಿ ಬಂದ ಒಂದು ಪದ ಇವತ್ತು ಹೋಟೆಲಿನ ಫಲಕದ ಮೇಲೂ ಇದೆ.

ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಅದೇ ಸೂರಃ ಹೂದ್‌ನಲ್ಲಿ, ಪ್ರವಾದಿ ನೂಹ್(ಅ)ರ ಕಾಲದ ಪ್ರವಾಹದ ಪ್ರಸಂಗದಲ್ಲಿ, 'ತನ್ನೂರ್' ಎಂಬ ಪದವೂ ಬಂದಿದೆ. ಅದು ಒಲೆ. ನಮ್ಮ ತಂದೂರ್ ಇದೇ ಪದದ ಬಂಧು. ಒಲೆಯೂ ಸುಟ್ಟ ಮಾಂಸವೂ ಒಂದೇ ಅಧ್ಯಾಯದಲ್ಲಿವೆ.

ಆದರೆ ಆ ಅತಿಥಿಗಳ ಕೈ ತಟ್ಟೆಯ ಕಡೆಗೆ ಹೋಗಲಿಲ್ಲ. ದೇವಚರರಿಗೆ ಊಟ ಬೇಕಿರಲಿಲ್ಲ. ಇಬ್ರಾಹೀಮ್(ಅ)ರಿಗೆ ಅದು ತಿಳಿದಿರಲಿಲ್ಲ, ಅವರ ಮನಸ್ಸಿನಲ್ಲಿ ಅಳುಕು ಹುಟ್ಟಿತು. ಮನೆಗೆ ಬಂದವನು ಉಣ್ಣದಿದ್ದರೆ ಅವನು ಕೇಡು ಬಯಸಿ ಬಂದವನು ಎಂದು ಅಂದಿನ ಜನರು ತಿಳಿಯುತ್ತಿದ್ದರು ಎನ್ನುತ್ತಾರೆ ವ್ಯಾಖ್ಯಾನಕಾರರು. ಆಗ ಅತಿಥಿಗಳು ಸುಮ್ಮನೆ ಕೂರಲಿಲ್ಲ. ಹೆದರಬೇಡಿ ಎಂದು ಸಮಾಧಾನ ಹೇಳಿ, ತಾವು ಬಂದ ಕಾರಣವನ್ನು ತಿಳಿಸಿದರು. ಉಣ್ಣದವನು ಆತಿಥೇಯನ ಮನಸ್ಸನ್ನು ಹಗುರ ಮಾಡಬೇಕು ಎಂಬ ಪಾಠ ಇಲ್ಲಿದೆ.

ಇದೇ ಘಟನೆ ಸೂರಃ ಅಝ್ಝಾರಿಯಾತ್‌ನಲ್ಲೂ ಬರುತ್ತದೆ. ಅಲ್ಲಿ ಇಬ್ರಾಹೀಮ್(ಅ)ರು ಅತಿಥಿಗಳ ಗಮನಕ್ಕೆ ಬಾರದಂತೆ ಮೆಲ್ಲನೆ ಮನೆಯವರ ಬಳಿಗೆ ಹೋಗಿ, ಕೊಬ್ಬಿದ ಕರುವನ್ನು ತಂದು, ಅತಿಥಿಗಳನ್ನು ಎಬ್ಬಿಸದೆ ಅವರು ಕೂತಲ್ಲಿಗೇ ತಂದಿಟ್ಟು, ಉಣ್ಣುವುದಿಲ್ಲವೇ ಎಂದು ವಿನಯದಿಂದ ಕೇಳುತ್ತಾರೆ. ಊಟ ಮಾಡುತ್ತೀರಾ, ಏನು ಮಾಡಿಸಲಿ ಎಂದು ಮೊದಲೇ ಕೇಳಿ ಅತಿಥಿಯನ್ನು ಸಂಕೋಚಕ್ಕೆ ಸಿಕ್ಕಿಸಲಿಲ್ಲ. ಆತಿಥೇಯರಿಗೂ ಇದರಲ್ಲಿ ಪಾಠವಿದೆ.

ಮೈಮೂನಾ(ರ)ರ ಮನೆಯಲ್ಲಿ

ಇನ್ನು ಮದೀನಕ್ಕೆ ಬರೋಣ. ಖಾಲಿದ್ ಬಿನ್ ವಲೀದ್(ರ)ರ ಅನುಭವವನ್ನು ಇಬ್ನು ಅಬ್ಬಾಸ್(ರ) ವರದಿ ಮಾಡಿದ್ದಾರೆ. ವಿಶ್ವಾಸಿಗಳ ಮಾತೆ ಮೈಮೂನಾ(ರ) ಇವರಿಬ್ಬರಿಗೂ ಚಿಕ್ಕಮ್ಮ. ಖಾಲಿದ್(ರ) ಪ್ರವಾದಿ(ಸ)ರ ಜೊತೆ ಅವರ ಮನೆಗೆ ಹೋದರು. ಅಲ್ಲಿ ಒಂದು ಸುಟ್ಟ ಝಬ್ಬ್ ಇತ್ತು. ಮೈಮೂನಾ(ರ)ರ ಸಹೋದರಿ ಹುಫೈದಾ ಅದನ್ನು ನಜ್ದ್‌ನಿಂದ ತಂದಿದ್ದರು. ಝಬ್ಬ್ ಎಂದರೆ ಮರುಭೂಮಿಯಲ್ಲಿ ಬಿಲ ತೋಡಿ ವಾಸಿಸುವ, ಮುಳ್ಳುಬಾಲದ, ಸೊಪ್ಪು ತಿನ್ನುವ ದೊಡ್ಡ ಹಲ್ಲಿ. ನೋಡಲು ನಮ್ಮ ಉಡವನ್ನು ಹೋಲುತ್ತದೆ, ಜಾತಿ ಬೇರೆ. ನಜ್ದ್‌ನ ಬಯಲು ಅರಬರಿಗೆ ಅದು ಪ್ರಿಯವಾದ ಆಹಾರ. ಆ ಹದೀಸಿನಲ್ಲಿ ಸುಟ್ಟಿದ್ದು ಎಂಬುದಕ್ಕೆ ಬಳಸಿರುವ ಪದ 'ಮಹ್ನೂಝ್'. ಅದು ಹನೀಝ್ ಎಂಬುದರ ಧಾತುವಿನಿಂದಲೇ ಬಂದದ್ದು.

ಪ್ರವಾದಿ(ಸ)ರು ಕೈ ಚಾಚಿದರು. ಅಲ್ಲಿದ್ದ ಮಹಿಳೆಯೊಬ್ಬರು, ಅದು ಏನೆಂದು ಅವರಿಗೆ ತಿಳಿಸಿರಿ ಎಂದರು. ಝಬ್ಬ್ ಎಂದು ತಿಳಿದಾಗ ಪ್ರವಾದಿ(ಸ)ರು ಕೈ ಹಿಂದೆಗೆದರು. ಖಾಲಿದ್(ರ) ಕೇಳಿದರು, ಇದು ನಿಷಿದ್ಧವೇ ಎಂದು. ಇಲ್ಲ, ಆದರೆ ಇದು ನನ್ನ ಜನರ ನಾಡಿನಲ್ಲಿ ಇರಲಿಲ್ಲ, ಹಾಗಾಗಿ ನನಗೆ ಮನಸ್ಸಾಗುತ್ತಿಲ್ಲ ಎಂಬರ್ಥದ ಉತ್ತರ ಬಂತು. ಖಾಲಿದ್(ರ) ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡು ತಿಂದರು. ಪ್ರವಾದಿ(ಸ)ರು ನೋಡುತ್ತಿದ್ದರು, ತಡೆಯಲಿಲ್ಲ. ಇನ್ನೊಂದು ವರದಿಯ ಪ್ರಕಾರ ಜೊತೆಗೆ ತುಪ್ಪವನ್ನೂ ಒಣಗಿಸಿದ ಮೊಸರುಗಡ್ಡೆಯನ್ನೂ ತಂದಿದ್ದರು. ಪ್ರವಾದಿ(ಸ)ರು ಅವನ್ನು ತಿಂದರು, ಝಬ್ಬನ್ನು ಬಿಟ್ಟರು.

ಮದ್ರಸದಲ್ಲಿ ಈ ಹದೀಸನ್ನು ನಾನು ಫಿಕ್ಹ್‌ನ ಮಸ್‌ಅಲಾ ಎಂದು ಕಂಠಪಾಠ ಮಾಡಿದ್ದೆ. ಆ ರಾತ್ರಿ ಓದಿದಾಗ ಬೇರೆ ಮೂರು ಸಂಗತಿಗಳು ಕಂಡವು.

ಒಂದು, ಪ್ರವಾದಿ(ಸ)ರು ತಮಗೆ ಹಿಡಿಸಲಿಲ್ಲ ಎಂಬುದನ್ನು ಮುಚ್ಚಿಡಲಿಲ್ಲ. ಆದರೆ ದೋಷವನ್ನು ಊಟದ ಮೇಲೆ ಹಾಕದೆ, ಕಾರಣವನ್ನು ತಮ್ಮ ರೂಢಿಯಲ್ಲಿ ತೋರಿಸಿದರು. ಎರಡು, ತಮ್ಮ ರುಚಿಯನ್ನು ಧರ್ಮದ ನಿಯಮವಾಗಿ ಮಾಡಲಿಲ್ಲ. ಇಡೀ ಉಮ್ಮತ್ತಿಗೆ ಹಲಾಲ್ ಮತ್ತು ಹರಾಮನ್ನು ತಿಳಿಸಲು ಬಂದವರು ಅವರು. ಒಂದು ಮಾತಿನಲ್ಲಿ ಬೇಡ ಎಂದಿದ್ದರೆ ಝಬ್ಬ್ ಕಿಯಾಮತ್‌ವರೆಗೆ ನಿಷಿದ್ಧವಾಗುತ್ತಿತ್ತು. ಹಾಗೆ ಹೇಳಲಿಲ್ಲ. ಮೂರು, ಖಾಲಿದ್(ರ) ಕೂಡ ಮಕ್ಕಾದ ಕುರೈಶರೇ. ಒಂದೇ ಊರಿನ ಇಬ್ಬರಲ್ಲಿ ಒಬ್ಬರು ಬಿಟ್ಟರು, ಒಬ್ಬರು ತಿಂದರು. ಒಬ್ಬರನ್ನೊಬ್ಬರು ಆಕ್ಷೇಪಿಸಲಿಲ್ಲ.

ಈ ಹದೀಸಿನ ಬಳಿಕವೂ ಇಮಾಮರಲ್ಲಿ ಅಭಿಪ್ರಾಯ ಬೇರೆ ಬೇರೆಯಾಯಿತು. ಹನಫಿ ವಿದ್ವಾಂಸರು ಬೇರೆ ಆಧಾರಗಳನ್ನು ಮುಂದಿಟ್ಟು ಝಬ್ಬ್ ತಿನ್ನುವುದು ಮಕ್ರೂಹ್ ಎಂದರು. ಶಾಫಿಈ, ಮಾಲಿಕೀ, ಹಂಬಲಿ ಮಝ್‌ಹಬ್‌ಗಳು ಅನುಮತಿಸಿದವು. ನಮ್ಮ ರಾಜ್ಯದಲ್ಲಿ ಝಬ್ಬ್ ಸಿಗುವುದಿಲ್ಲ, ಆದರೆ ಇಂಥದೇ ಇನ್ನೊಂದು ಭೇದ ನಮ್ಮ ಅಡುಗೆಮನೆಯಲ್ಲೇ ಇದೆ. ಸಮುದ್ರದ ಜೀವಿಗಳಲ್ಲಿ ಹನಫಿಗಳಿಗೆ ಮೀನು ಮಾತ್ರ. ಕರಾವಳಿಯ ಬ್ಯಾರಿ ಮತ್ತು ನವಾಯತ್ ಸಹೋದರರು ಶಾಫಿಈಗಳು, ಅವರಿಗೆ ಪಚ್ಚಿಲೆ, ಮರುವಾಯಿ, ಬೊಂಡಾಸ್ ಎಲ್ಲವೂ ಆಗುತ್ತದೆ. ಬಯಲುಸೀಮೆಯಿಂದ ಇಲ್ಲಿಗೆ ಮದುವೆಯಾಗಿ ಬಂದ ಹೆಣ್ಣುಮಕ್ಕಳು, ವ್ಯಾಪಾರಕ್ಕೆ ಬಂದ ಹುಡುಗರು ಇದನ್ನು ಕಂಡು ಮುಖ ಕಿವುಚುವುದನ್ನು ನಾನು ನೋಡಿದ್ದೇನೆ. ನಿಮ್ಮ ಮಝ್‌ಹಬ್ ಪ್ರಕಾರ ನೀವು ಬಿಡಿ, ಅದು ಸರಿ. ಆದರೆ ಅತ್ತೆಯ ಬಾಣಲೆಗೆ ಹರಾಮ್ ಎಂಬ ಮುದ್ರೆ ಒತ್ತುವ ಅಧಿಕಾರ ಯಾರಿಗೂ ಇಲ್ಲ.

ಗೈರುಹಾಜರಾದವನ ಪಾಲು

ಪ್ರವಾದಿ(ಸ)ರ ಕಾಲದಲ್ಲಿ ಸುಟ್ಟ ಮಾಂಸ ನಿತ್ಯದ ಊಟವಾಗಿರಲಿಲ್ಲ. ಬುಖಾರಿಯಲ್ಲಿ ಅಬ್ದುರ್ರಹ್ಮಾನ್ ಬಿನ್ ಅಬೂಬಕರ್(ರ) ಹೇಳಿರುವ ಪ್ರಯಾಣದ ಘಟನೆಯೊಂದಿದೆ. 130 ಮಂದಿ ಪ್ರವಾದಿ(ಸ)ರ ಜೊತೆಗಿದ್ದರು. ಕುರಿಗಳನ್ನು ಹೊಡೆದುಕೊಂಡು ಬಂದ ಒಬ್ಬ ಬಹುದೇವವಿಶ್ವಾಸಿಯನ್ನು ಕಂಡು, ಇದು ಮಾರಲಿಕ್ಕೋ ಉಡುಗೊರೆಯೋ ಎಂದು ಪ್ರವಾದಿ(ಸ)ರು ಕೇಳಿದರು. ಮಾರಲಿಕ್ಕೆ ಎಂದಾಗ ಹಣ ಕೊಟ್ಟು ಒಂದು ಕುರಿಯನ್ನು ಕೊಂಡರು. ಅದರ ಪಿತ್ತಜನಕಾಂಗವನ್ನು ಸುಡಿಸಿ, ಪ್ರತಿಯೊಬ್ಬರಿಗೂ ಒಂದೊಂದು ತುಂಡು ಕೊಟ್ಟರು. ಎದುರಿಗಿದ್ದವರಿಗೆ ಕೈಗೆ ಕೊಟ್ಟರು, ಅಲ್ಲಿ ಇಲ್ಲದವರಿಗೆ ಅವರ ಪಾಲನ್ನು ಎತ್ತಿಟ್ಟರು. ಎಲ್ಲರೂ ಉಂಡು ಮಿಕ್ಕಿದ್ದನ್ನು ಒಂಟೆಯ ಮೇಲೆ ಹೇರಿಕೊಂಡು ಹೋದರು. ಇಲ್ಲಿ ಪವಾಡವನ್ನು ಎಲ್ಲರೂ ನೆನೆಯುತ್ತಾರೆ. ಎತ್ತಿಟ್ಟ ಆ ಪಾಲನ್ನೂ ನೆನೆಯಬೇಕು.

ಬಗ್ದಾದಿನ ಬೀದಿಯಲ್ಲಿ

ಅಬ್ಬಾಸಿ ಖಲೀಫರ ಕಾಲದಲ್ಲಿ ಬಗ್ದಾದ್ ಬೆಳೆದಾಗ ಸುಟ್ಟ ಮಾಂಸ ಮರುಭೂಮಿಯ ಗುಂಡಿಯಿಂದ ನಗರದ ಅಂಗಡಿಗೆ ಬಂತು. 10ನೇ ಶತಮಾನದಲ್ಲಿ ಇಬ್ನು ಸಯ್ಯಾರ್ ಅಲ್‌ವರ್ರಾಕ್ ಬರೆದ ಅಡುಗೆ ಗ್ರಂಥದಲ್ಲೂ, 1226ರಲ್ಲಿ ಮುಹಮ್ಮದ್ ಬಿನ್ ಹಸನ್ ಅಲ್‌ಬಗ್ದಾದಿ ಬರೆದ ಗ್ರಂಥದಲ್ಲೂ 'ಜೂಝಾಬ್' ಎಂಬ ತಿನಿಸು ಇದೆ. ತನ್ನೂರಿನ ತಳದಲ್ಲಿ ರೊಟ್ಟಿ, ಸಕ್ಕರೆ, ಹಣ್ಣುಗಳ ಸಿಹಿಯ ಪಾತ್ರೆ ಇಟ್ಟು, ಮೇಲೆ ಮಾಂಸವನ್ನೋ ಕೋಳಿಯನ್ನೋ ತೂಗುಹಾಕುತ್ತಿದ್ದರು. ಸುಡುವಾಗ ಇಳಿಯುವ ಕೊಬ್ಬು ಸಿಹಿಯ ಮೇಲೆ ಬೀಳುತ್ತಿತ್ತು. ಹಾಜಿಯವರ ಹಿತ್ತಲಿನ ಡ್ರಮ್ಮಿನಲ್ಲಿ ಅನ್ನ ಇದ್ದ ಜಾಗದಲ್ಲಿ ಬಗ್ದಾದಿನವರು ಸಿಹಿ ಇಟ್ಟಿದ್ದರು. ಉಪಾಯ ಒಂದೇ, ಒಂದು ಹನಿಯೂ ವ್ಯರ್ಥವಾಗಬಾರದು.

ಅಂಗಡಿ ಬಂದ ಮೇಲೆ ಮೋಸವೂ ಬಂತು. ಅದನ್ನು ತಡೆಯಲು 'ಮುಹ್ತಸಿಬ್' ಎಂಬ ಪೇಟೆಯ ಮೇಲ್ವಿಚಾರಕ ಇದ್ದ. ಸುಲ್ತಾನ್ ಸಲಾಹುದ್ದೀನ್‌ರ ಶತಮಾನದಲ್ಲಿ, ಶಾಮ್ ನಾಡಿನ ಅಬ್ದುರ್ರಹ್ಮಾನ್ ಅಶ್ಶೈಝರಿ ಬರೆದ ಕೈಪಿಡಿಯಲ್ಲಿ ಮಾಂಸ ಸುಡುವವರಿಗೆಂದೇ ನಿಯಮಗಳಿವೆ. ಕುರಿಮರಿಯನ್ನು ಒಲೆಗೆ ಇಳಿಸುವ ಮೊದಲು ತೂಗಿ ಲೆಕ್ಕದ ಪುಸ್ತಕದಲ್ಲಿ ಬರೆದಿಡಬೇಕು. ಹೊರತೆಗೆದ ಮೇಲೆ ಮತ್ತೆ ತೂಗಬೇಕು. ಮೂರರಲ್ಲಿ ಒಂದು ಪಾಲು ತೂಕ ಇಳಿದಿದ್ದರೆ ಚೆನ್ನಾಗಿ ಬೆಂದಿದೆ, ಇಲ್ಲವಾದರೆ ಮತ್ತೆ ಒಲೆಗೆ ಹಾಕಿಸಬೇಕು. ತೂಕ ಹೆಚ್ಚಿಸಲು ಮಾಂಸದೊಳಗೆ ಕಬ್ಬಿಣದ ಚೂರು ಅಡಗಿಸಿದ್ದಾರೆಯೇ ಎಂದೂ ನೋಡಬೇಕು. ಇದಕ್ಕೆಲ್ಲ ಕಾರಣ ಒಂದೇ. ಊರಿನವನಿಗೆ ಯಾವ ಅಂಗಡಿ ಒಳ್ಳೆಯದೆಂದು ಗೊತ್ತಿರುತ್ತದೆ, ಹೊರಗಿನಿಂದ ಬಂದವನಿಗೆ ಗೊತ್ತಿರುವುದಿಲ್ಲ. ಅವನ ಪರವಾಗಿ ಶರೀಅತ್ ಕಣ್ಣಿಟ್ಟು ಕಾಯಬೇಕು.

ಹೊಸಬನಿಗೆ ಆಗುವ ಅನ್ಯಾಯ ಎಂಥದು ಎಂಬುದನ್ನು 1008ರಲ್ಲಿ ನಿಧನರಾದ ಬದೀಉಝ್ಝಮಾನ್ ಅಲ್‌ಹಮದಾನಿ ತಮ್ಮ ಮಕಾಮಾಗಳಲ್ಲಿ ಒಂದು ಕಥೆಯಾಗಿ ಹೇಳಿದ್ದಾರೆ. ಅರಬೀ ಸಾಹಿತ್ಯ ಓದಿದವರಿಗೆಲ್ಲ ಅದು ಪರಿಚಿತ. ಬಗ್ದಾದಿನಲ್ಲಿ ಹಸಿದ ಒಬ್ಬ ಚತುರ, ಕೈಯಲ್ಲಿ ಕಾಸಿಲ್ಲ. ಕತ್ತೆ ಹೊಡೆದುಕೊಂಡು ಬಂದ ಹಳ್ಳಿಗನನ್ನು ಕಂಡು, ಅಬೂ ಝೈದ್, ಬಾ ಎಂದು ತಬ್ಬಿಕೊಳ್ಳುತ್ತಾನೆ. ನಾನು ಅಬೂ ಉಬೈದ್ ಎನ್ನುತ್ತಾನೆ ಹಳ್ಳಿಗ. ಹೌದಲ್ಲ, ಮರೆತೆ ಎಂದು ಇವನು ಅವನ ತಂದೆಯನ್ನು ವಿಚಾರಿಸುತ್ತಾನೆ. ತಂದೆ ತೀರಿಹೋದ ಸುದ್ದಿ ಕೇಳಿ ಅಂಗಿ ಹರಿದುಕೊಳ್ಳುವವನಂತೆ ನಟಿಸುತ್ತಾನೆ. ನಂತರ, ಬಾ ಊಟ ಮಾಡೋಣ ಎಂದು ಕೊಬ್ಬು ತೊಟ್ಟಿಕ್ಕುತ್ತಿರುವ ಮಾಂಸದ ಅಂಗಡಿಗೆ ಕರೆದೊಯ್ಯುತ್ತಾನೆ. ಇಬ್ಬರೂ ಹೊಟ್ಟೆತುಂಬ ಉಣ್ಣುತ್ತಾರೆ, ಬಾದಾಮಿಯ ಸಿಹಿಯನ್ನೂ ತಿನ್ನುತ್ತಾರೆ. ತಣ್ಣೀರು ತರುತ್ತೇನೆ ಎಂದು ಎದ್ದುಹೋದ ಚತುರ ಹಿಂದಿರುಗುವುದಿಲ್ಲ, ಮರೆಯಲ್ಲಿ ಕೂತು ನೋಡುತ್ತಾನೆ. ಹಳ್ಳಿಗ ಏಳಲು ಹೋದರೆ ಅಂಗಡಿಯವನು ಬಟ್ಟೆ ಹಿಡಿಯುತ್ತಾನೆ. ನಾನು ಅತಿಥಿಯಾಗಿ ಉಂಡೆ ಎಂದರೆ ಕೆನ್ನೆಗೆ ಹೊಡೆತ ಬೀಳುತ್ತದೆ. ಬಡಪಾಯಿ ಅಳುತ್ತ, ಗಂಟನ್ನು ಹಲ್ಲಿನಿಂದ ಬಿಚ್ಚಿ ಹಣ ಎಣಿಸುತ್ತಾನೆ. ನಾನು ಅಬೂ ಉಬೈದ್ ಎಂದು ಎಷ್ಟು ಹೇಳಿದರೂ ಅವನು ಅಬೂ ಝೈದ್ ಎಂದೇ ಕರೆದನಲ್ಲ ಎಂದು ಗೊಣಗುತ್ತಾನೆ.

ವಿದ್ಯಾರ್ಥಿಯಾಗಿದ್ದಾಗ ಈ ಕಥೆ ಓದಿ ನಾವು ಬಿದ್ದುಬಿದ್ದು ನಕ್ಕಿದ್ದೆವು. ಈಗ ಓದಿದರೆ ಹಳ್ಳಿಗನ ಕಡೆ ಕಣ್ಣು ಹೋಗುತ್ತದೆ. ಅವನು ಆ ದಿನ ಬಗ್ದಾದಿನ ಬಗ್ಗೆ ಏನು ತಿಳಿದುಕೊಂಡು ಮನೆಗೆ ಹೋಗಿರಬಹುದು? ಇಬ್ರಾಹೀಮ್(ಅ)ರು ಹೆಸರು ಕೂಡ ಕೇಳದೆ ಅಪರಿಚಿತರಿಗೆ ಕರುವನ್ನು ಬೇಯಿಸಿದರು. ಬಗ್ದಾದಿನ ಚತುರ ಹೆಸರು ಹಿಡಿದು ಕರೆದು ಸುಲಿದ.

ನಕ್ಕ ಯಾತ್ರಿಕ

ಪರವೂರ ಊಟದ ಬಗ್ಗೆ ಇಬ್ನು ಬತೂತಾರಷ್ಟು ಬರೆದವರು ಕಡಿಮೆ. 1325ರಲ್ಲಿ, 21ನೇ ವಯಸ್ಸಿನಲ್ಲಿ, ಮೊರೊಕ್ಕೊದ ತಂಜಾದಿಂದ ಹಜ್ಜಿಗೆ ಹೊರಟವರು ಹಲವು ನಾಡುಗಳನ್ನು ಸುತ್ತಿದರು. ದೆಹಲಿಯ ದಾರಿಯಲ್ಲಿ ಅವರ ಮುಂದೆ ತೆಳು ರೊಟ್ಟಿಯ ಜೊತೆ ಸುಟ್ಟ ಮಾಂಸ ಬಂತು. ಒಂದು ಕುರಿಯನ್ನು ನಾಲ್ಕೋ ಆರೋ ತುಂಡು ಮಾಡಿ, ತಲೆಗೊಂದು ತುಂಡು ಇಡುತ್ತಾರೆ ಎಂದು ಬೆರಗಿನಿಂದ ದಾಖಲಿಸಿದ್ದಾರೆ.

1340ರ ದಶಕದಲ್ಲಿ ಅವರು ನಮ್ಮ ಹೊನ್ನಾವರಕ್ಕೆ ಬಂದರು. ಅದನ್ನು ಹಿನೌರ್ ಎಂದು ಕರೆದಿದ್ದಾರೆ. ಅಲ್ಲಿನ ಮುಸ್ಲಿಮರು ಶಾಫಿಈಗಳು, ಧರ್ಮನಿಷ್ಠರು, ಹೆಣ್ಣುಮಕ್ಕಳಿಗೆ 13 ಮತ್ತು ಗಂಡುಮಕ್ಕಳಿಗೆ 23 ಶಾಲೆಗಳಿದ್ದವು ಎಂದು ಬರೆದಿದ್ದಾರೆ. ಸುಲ್ತಾನ್ ಜಮಾಲುದ್ದೀನರ ಮನೆಯಲ್ಲಿ ಅನ್ನಕ್ಕೆ ತುಪ್ಪ ಸುರಿದು, ಮೆಣಸು, ಹಸಿಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿ ಬಡಿಸಿದರು. ಆಮೇಲೆ ಕೋಳಿ, ಆಮೇಲೆ ಮೀನು, ಆಮೇಲೆ ತರಕಾರಿ, ಕೊನೆಗೆ ಮೊಸರು ಬಂತು. ಏಳುನೂರು ವರ್ಷಗಳ ಹಿಂದಿನ ಈ ಊಟ ಇಂದಿನ ಉತ್ತರ ಕನ್ನಡದ ಮನೆಯ ಊಟದಂತೆಯೇ ಕಾಣುತ್ತದೆ. ಆದರೆ ರೊಟ್ಟಿಯ ನಾಡಿನವರಿಗೆ ಬರೀ ಅನ್ನ ಕಷ್ಟವಾಯಿತು. ಹೊನ್ನಾವರದಲ್ಲಿ ಒಮ್ಮೆ 11 ತಿಂಗಳು ರೊಟ್ಟಿಯನ್ನೇ ತಿನ್ನಲಿಲ್ಲವೆಂದೂ, ಮಲಬಾರ್, ಮಾಲ್ದೀವ್ಸ್ ಮುಂತಾದ ಕಡೆ ಅನ್ನ ತಿಂದು ತಿಂದು ಕೊನೆಗೆ ನೀರಿನ ಜೊತೆ ನುಂಗುವಂತಾಯಿತೆಂದೂ ಹೇಳಿಕೊಂಡಿದ್ದಾರೆ. ಬಯಲುಸೀಮೆಯ ಜೋಳದ ರೊಟ್ಟಿ ಬಿಟ್ಟು ಬಂದ ನನಗೆ ಆ ಕಷ್ಟ ಚೆನ್ನಾಗಿ ಅರ್ಥವಾಗುತ್ತದೆ.

ಅಷ್ಟು ಕಂಡ ಅವರೂ ಒಮ್ಮೆ ತಪ್ಪಿದರು. 1352ರಲ್ಲಿ ಆಫ್ರಿಕದ ಮಾಲಿ ರಾಜ್ಯಕ್ಕೆ ಹೋದಾಗ, ಬಂದ ಹೊಸತರಲ್ಲೇ ಒಂದು ಬಗೆಯ ಗೆಡ್ಡೆಯ ಗಂಜಿ ತಿಂದು ಜೊತೆಗಾರರೆಲ್ಲ ಕಾಯಿಲೆ ಬಿದ್ದರು, ಒಬ್ಬರು ತೀರಿಕೊಂಡರು. ಇವರು ಎರಡು ತಿಂಗಳು ನರಳಿದರು. ಹೊಸ ನೀರು, ಹೊಸ ಅನ್ನಕ್ಕೆ ಹೊಟ್ಟೆ ಹೆದರುವುದು ಸುಳ್ಳಲ್ಲ. ಚೇತರಿಸಿಕೊಂಡ ಮೇಲೆ ಅಲ್ಲಿಯ ದೊರೆ ಮನ್ಸಾ ಸುಲೈಮಾನ್‌ನಿಂದ ಸ್ವಾಗತದ ಕಾಣಿಕೆ ಬಂತು. ಉಡುಪು, ಹಣ ಇರಬಹುದೆಂದು ಎದ್ದು ನಿಂತು ನೋಡಿದರೆ, ಮೂರು ರೊಟ್ಟಿ, ಅಲ್ಲಿನ ಒಂದು ಕಾಯಿಯ ಎಣ್ಣೆಯಲ್ಲಿ ಹುರಿದ ಗೋಮಾಂಸದ ತುಂಡು, ಸೋರೆಬುರುಡೆಯಲ್ಲಿ ಹುಳಿ ಮೊಸರು. ಇಬ್ನು ಬತೂತಾ ನಕ್ಕುಬಿಟ್ಟರು, ಇಷ್ಟು ಅಲ್ಪವನ್ನು ಇಷ್ಟು ದೊಡ್ಡದು ಮಾಡುತ್ತಾರಲ್ಲ ಎಂದು ಅವರ ಬುದ್ಧಿಯನ್ನು ಹಗುರವಾಗಿ ಕಂಡರು. ತಾವೇ ಅದನ್ನು ಬರೆಸಿಟ್ಟದ್ದರಿಂದ ನಮಗೆ ಗೊತ್ತಾಗಿದೆ. ಕಾಜಿಯಾಗಿದ್ದವರು, ಹಲವು ಬಾರಿ ಹಜ್ಜ್ ಮಾಡಿದವರು, ಜಗತ್ತು ಸುತ್ತಿದವರು. ಅವರ ನಗುವಿಗೂ ನನ್ನ ದಖ್ಖನಿ ಮಾತಿಗೂ ವ್ಯತ್ಯಾಸವೇನು? ಇಬ್ಬರೂ ತಟ್ಟೆಯನ್ನು ನೋಡಿದೆವು, ಕೊಟ್ಟ ಕೈಯನ್ನು ನೋಡಲಿಲ್ಲ.

ಹಝ್ರಮೌತ್‌ನಿಂದ ದಖ್ಖನ್‌ಗೆ

ನಾನು ಹಾಸ್ಯ ಮಾಡಿದ ಆ ಮಂದಿಯ ಮೂಲ ಯಮನ್‌ನ ಹಝ್ರಮೌತ್. ತೇವ, ಇಬ್ಬನಿ ಎಂಬ ಅರ್ಥದ ಅರಬೀ ಪದದಿಂದ ಆ ಹೆಸರು ಬಂತು ಎನ್ನುತ್ತಾರೆ, ಮಾಂಸ ಒಣಗದೆ ಹಸಿಯಾಗಿ ಉಳಿಯುತ್ತದೆ ಎಂದು. ಅದೇ ನಾಡಿನಲ್ಲಿ ಕಾದ ಕಲ್ಲಿನ ಮೇಲೆ ಸುಡುವ 'ಮಝ್ಬಿ' ಕೂಡ ಇದೆ. ಹಝ್ರಮೌತ್ ಒಣ ಕಣಿವೆಗಳ ನಾಡು. ಅಲ್ಲಿಯ ಜನ ಅನ್ನ ಹುಡುಕಿಕೊಂಡು ಶತಮಾನಗಳಿಂದ ಸಮುದ್ರ ದಾಟಿದರು. ಪೂರ್ವ ಆಫ್ರಿಕ, ಜಾವಾ, ಮಲಬಾರ್ ಎಲ್ಲೆಡೆಗೂ ಹೋದರು. 19ನೇ ಶತಮಾನದಲ್ಲಿ ಹೈದರಾಬಾದಿನ ನಿಜಾಮರ ಸೈನ್ಯದಲ್ಲಿ ಹಝ್ರಮಿ ಅರಬರ ತುಕಡಿಗಳೇ ಇದ್ದವು. ಅವರ ಸೈನಿಕ ಬಿಡಾರಗಳಿದ್ದ ಜಾಗ ಇಂದಿನ ಬಾರ್ಕಸ್. ಆ ಸೈನ್ಯದಲ್ಲಿ ಜಮಾದಾರನಾಗಿ ಶ್ರೀಮಂತನಾದ ಉಮರ್ ಬಿನ್ ಅವಝ್ ಅಲ್‌ಕುಐತಿಯ ವಂಶದವರು ಹಝ್ರಮೌತ್‌ನಲ್ಲಿ ರಾಜ್ಯ ಕಟ್ಟಿ, ಮುಕಲ್ಲಾವನ್ನು ರಾಜಧಾನಿಯಾಗಿಸಿ 1967ರವರೆಗೆ ಆಳಿದರು. ದಖ್ಖನಿನಲ್ಲಿ ದುಡಿದ ಹಣ ಅರೇಬಿಯಾದಲ್ಲಿ ಸಿಂಹಾಸನವಾಯಿತು.

1948ರವರೆಗೆ ನಮ್ಮ ಕಲಬುರಗಿ, ಬೀದರ್, ರಾಯಚೂರು ಅದೇ ನಿಜಾಮರ ಆಳ್ವಿಕೆಯಲ್ಲಿದ್ದವು. ಅಂದರೆ ಕರಾವಳಿಯಲ್ಲಿ ನಾನು ಪರದೇಶದ ಊಟ ಎಂದು ಮೂಗು ಮುರಿದ ತಟ್ಟೆಯ ಜನ, ನನ್ನ ಅಜ್ಜನ ಕಾಲದಲ್ಲಿ ನಮ್ಮದೇ ರಾಜಧಾನಿಯಲ್ಲಿ ನೆಲೆಸಿದ್ದರು. ಇತ್ತೀಚಿನ ವರ್ಷಗಳಲ್ಲಿ ಬಾರ್ಕಸ್‌ನಲ್ಲಿ ಮಂದಿಯ ಹೋಟೆಲುಗಳು ಸಾಲಾಗಿ ಬಂದಿವೆ. ಕರಾವಳಿಗೆ ಅದು ಬಂದ ದಾರಿ ಬೇರೆ. ಕೊಲ್ಲಿ ನಾಡುಗಳಿಗೆ ದುಡಿಯಲು ಹೋದವರು ಕಲಿತು ತಂದರು. ಯಾವ ದಾರಿಯಲ್ಲಿ ಬಂದರೂ, ಮನೆ ಬಿಟ್ಟು ದುಡಿಯಲು ಹೋದವರ ಬೆವರು ಅದರಲ್ಲಿದೆ.

ಮತ್ತೆ ಹಾಜಿಯವರ ಅಂಗಳಕ್ಕೆ

ಮರುದಿನ ಫಜ್ರ್ ನಂತರ ಹಾಜಿಯವರ ಮನೆಗೆ ಹೋದೆ. "ಹಾಜಿಯವರೇ, ನಿನ್ನೆ ನನ್ನಿಂದ ತಪ್ಪಾಯಿತು, ಮಾಫ್ ಮಾಡಿ" ಎಂದೆ. ಅವರು ಗಲಿಬಿಲಿಗೊಂಡು, "ಅಯ್ಯೋ, ಕೂತುಕೊಳ್ಳಿ ಉಸ್ತಾದರೇ, ಮೊದಲು ಚಾ ಕುಡಿಯುವ" ಎಂದರು. ಚಾ ಕುಡಿಯುತ್ತ ತಮ್ಮ ಕಥೆ ಹೇಳಿದರು. ಸೌದಿಗೆ ಹೋದ ಮೊದಲ ದಿನ ಅವರಿಗೂ ಮಂದಿಯನ್ನೇ ಬಡಿಸಿದ್ದರಂತೆ. ಕುಚ್ಚಲಕ್ಕಿ ಗಂಜಿ, ಮೀನು ಸಾರು ಬಿಟ್ಟು ಬೇರೆ ಕಾಣದ ಹುಡುಗ ಒಂದು ತುತ್ತಿಗೇ ತಟ್ಟೆ ಸರಿಸಿ ಎದ್ದಿದ್ದನಂತೆ. ಅಲ್ಲಿ ಅಡುಗೆಗಿದ್ದ ಯಮನಿ ಮುದುಕ ಬಯ್ಯಲಿಲ್ಲ. ಅರ್ಧರಾತ್ರಿ ಎಬ್ಬಿಸಿ, ಬಿಳಿ ಅನ್ನವನ್ನು ನೀರಿನಲ್ಲಿ ಮೆತ್ತಗೆ ಬೇಯಿಸಿ ಉಪ್ಪು ಹಾಕಿ ಕೊಟ್ಟನಂತೆ. "ಅವನಿಗೆ ನನ್ನ ಮಾತು ಬರುವುದಿಲ್ಲ, ನನಗೆ ಅವನದ್ದು ಬರುವುದಿಲ್ಲ. ಗಂಜಿ ಎಂದು ಅವನಿಗೆ ಹೇಗೆ ಗೊತ್ತಾಯಿತೋ ಅಲ್ಲಾಹನಿಗೇ ಗೊತ್ತು" ಎಂದರು. ಮುಂದೆ ಆ ಮುದುಕನ ಕೈಕೆಳಗೇ ಅಡುಗೆ ಕಲಿತರು. ಊರಿಗೆ ಬಂದ ಮೇಲೆ ವರ್ಷಕ್ಕೊಮ್ಮೆ ಅವನ ನೆನಪಿಗೆ, ಅವನಿಗಾಗಿ ದುಆ ಮಾಡಿಸಿ, ನಾಲ್ಕು ಜನರಿಗೆ ಉಣಿಸುತ್ತಾರೆ. ನಾನು ಹೆಸರಿಟ್ಟದ್ದು ಆ ಊಟಕ್ಕೆ.

ಸಹೋದರರೇ, ಇಂದು ನಮ್ಮ ಹುಡುಗರು ದುಬೈಗೆ, ಬೆಂಗಳೂರಿಗೆ ಹೋಗುತ್ತಾರೆ. ಉತ್ತರ ಭಾರತದ ಕೂಲಿಕಾರರು, ಅಸ್ಸಾಮಿನ ಹುಡುಗರು ನಮ್ಮ ಮಸೀದಿಗಳ ಸಫ್‌ನಲ್ಲಿ ನಿಲ್ಲುತ್ತಾರೆ. ಯಾರು ಯಾವಾಗ ಹೊಸಬರಾಗುತ್ತಾರೋ ಹೇಳಲಾಗದು. ಹೊಸಬನಾಗಿ ಹೋದರೆ ಬಿಸ್ಮಿಲ್ಲಾ ಹೇಳಿ, ನಿಮ್ಮ ಮುಂದಿನದ್ದನ್ನು ತಿನ್ನಿ. ಹಲಾಲೇ ಎಂಬ ಸಂಶಯವಿದ್ದರೆ ಮರ್ಯಾದೆಯಿಂದ ಕೇಳಿ, ಖಾಲಿದ್(ರ) ಕೂಡ ಕೇಳಿದ್ದಾರೆ. ಹಿಡಿಸದಿದ್ದರೆ ಬಿಡಿ, ನನಗೆ ರೂಢಿಯಿಲ್ಲ ಎನ್ನಿ. ಊಟಕ್ಕೆ ಹೆಸರಿಡಬೇಡಿ, ಯಾವ ಭಾಷೆಯಲ್ಲೂ. ನೀವು ಬಡಿಸುವವರಾಗಿದ್ದರೆ ಅತಿಥಿಯ ಮುಖ ನೋಡಿ. ಅವನಿಗೆ ಮೊದಲ ದಿನವೇ ನಿಮ್ಮ ರುಚಿ ಹಿಡಿಸಬೇಕೆಂದಿಲ್ಲ. ಒಂದು ಬಟ್ಟಲು ಚಟ್ನಿ ಸರಿಸಿದರೂ ಸಾಕು, ಸ್ವಲ್ಪ ಗಂಜಿ ಮಾಡಿದರೆ ಇನ್ನೂ ಒಳ್ಳೆಯದು.

ಈಗ ಪ್ರತಿವರ್ಷ ಹಾಜಿಯವರ ಹಿತ್ತಲಲ್ಲಿ ಒದ್ದೆ ಗೋಣಿ ಒತ್ತುವ ಕೆಲಸ ನನ್ನದು. ಮಂದಿ ಇನ್ನೂ ನನಗೆ ಸ್ವಲ್ಪ ಸಪ್ಪೆಯೇ. ಚಟ್ನಿ ಹಾಕಿಕೊಂಡು ತಿನ್ನುತ್ತೇನೆ.

ಅಲ್ಲಾಹನು ನಮ್ಮ ನಾಲಿಗೆಯನ್ನು ಕಾಪಾಡಲಿ, ನಮಗೆ ಉಣಿಸಿದವರಿಗೆ ಉಣಿಸಲಿ, ಪರವೂರಿನಲ್ಲಿರುವ ನಮ್ಮ ಮಕ್ಕಳಿಗೆ ಕರುಣೆಯ ಕೈಗಳನ್ನು ಒದಗಿಸಲಿ. ಆಮೀನ್.